ಫ್ಲ್ಯಾಟ್ ಮಾಲೀಕರು ಒಪ್ಪುವಂಥ ಮಾರಾಟ ಪ್ರಸ್ತಾವ: ಬೆಂಗಳೂರಿನ ಏಜೆಂಟರಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನಲ್ಲಿ ಮಾರಾಟಕ್ಕಿರುವ ಹಳೆಯ ಫ್ಲ್ಯಾಟ್ ಒಂದಕ್ಕೆ ಸಾಮಾನ್ಯವಾಗಿ ನಾಲ್ಕೈದು ಏಜೆಂಟರು ಇರುತ್ತಾರೆ. ಮಾಲೀಕರು ಎಲ್ಲರಿಗೂ ಫೋನಿನಲ್ಲಿ ಒಂದೇ ಮಾತು ಹೇಳಿರುತ್ತಾರೆ: "ಪಾರ್ಟಿ ಇದ್ರೆ ಕರ್ಕೊಂಡ್ ಬನ್ನಿ, ನೋಡೋಣ." ಆಮೇಲೆ ಅದೇ ಮನೆ ಪೋರ್ಟಲ್‌ಗಳಲ್ಲಿ 98 ಲಕ್ಷಕ್ಕೊಮ್ಮೆ, 1.05 ಕೋಟಿಗೊಮ್ಮೆ, 1.12 ಕೋಟಿಗೊಮ್ಮೆ ಕಾಣಿಸುತ್ತದೆ. ಒಬ್ಬರು 1,340 ಚದರಡಿ ಎಂದರೆ ಇನ್ನೊಬ್ಬರು 1,400 ಎಂದು ಹಾಕಿರುತ್ತಾರೆ. ಕೊಳ್ಳುವವರು ಎಲ್ಲಕ್ಕಿಂತ ಕಡಿಮೆ ಬೆಲೆಯನ್ನೇ ಹಿಡಿದು ಚೌಕಾಸಿ ಶುರುಮಾಡುತ್ತಾರೆ, ಇಷ್ಟು ಜನ ಮಾರಲು ಓಡಾಡುತ್ತಿದ್ದಾರೆಂದರೆ ಮನೆಯಲ್ಲಿ ಏನೋ ತೊಂದರೆಯಿದೆ ಎಂದೂ ಅನುಮಾನಿಸುತ್ತಾರೆ.

ಮನೆ ಮಾರಿಸುವ ಕೆಲಸವನ್ನು ಮೂರು ತಿಂಗಳು ನಿಮ್ಮೊಬ್ಬರಿಗೇ ಕೊಡಲು ಮಾಲೀಕರನ್ನು ಒಪ್ಪಿಸಬೇಕಾದರೆ ಬಾಯಿಮಾತು ಸಾಲದು, ಕೈಗೊಂದು ಪ್ರಸ್ತಾವ ಕೊಡಬೇಕು. ಹೆಚ್ಚಿನವರ ಪ್ರಸ್ತಾವ ಸೋಲುವುದು ಒಂದೇ ಕಾರಣಕ್ಕೆ: ಅದರ ತುಂಬ ಏಜೆಂಟರ ವಿಷಯವೇ ಇರುತ್ತದೆ. ಲೋಗೊ, ಕಚೇರಿಯ ಫೋಟೊ, ಎಷ್ಟು ವರ್ಷದ ಅನುಭವ, ಎಷ್ಟು ಜನರ ತಂಡ. ಮಾಲೀಕರ ತಲೆಯಲ್ಲಿರುವುದು ಮೂರೇ ಪ್ರಶ್ನೆ. ಎಷ್ಟಕ್ಕೆ ಹೋಗುತ್ತದೆ? ಖರ್ಚೆಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತದೆ? ಹಣ ಯಾವಾಗ ಬರುತ್ತದೆ? ಈ ಮೂರಕ್ಕೂ ಅವರ ಮನೆಯದೇ ಅಂಕಿಗಳಲ್ಲಿ ಉತ್ತರ ಕೊಡುವ ಆರೇಳು ಪುಟ ಸಾಕು. ನಿಮ್ಮ ಪರಿಚಯಕ್ಕೆ ಕೊನೆಯಲ್ಲಿ ಅರ್ಧ ಪುಟ ಇಡಿ. ಕೆ-ರೇರಾ (ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇದ್ದರೆ ಮಾತ್ರ ಅದು ಮೊದಲ ಪುಟದಲ್ಲೇ ಇರಲಿ. ರೇರಾದಲ್ಲಿ ನೋಂದಾಯಿತವಾದ ಯೋಜನೆಗಳ ಮನೆ ಮಾರಿಸಲು ಏಜೆಂಟರ ನೋಂದಣಿ ಕಾನೂನಿನ ಪ್ರಕಾರ ಕಡ್ಡಾಯ.

ಮೊದಲ ಭೇಟಿಯಲ್ಲಿ ಬೆಲೆ ಹೇಳಬೇಡಿ

"ಎಷ್ಟು ಬರಬಹುದು ಸರ್?" ಎಂಬ ಪ್ರಶ್ನೆ ಕಾಫಿ ಬರುವ ಮೊದಲೇ ಬರುತ್ತದೆ. "ಲೆಕ್ಕ ಹಾಕಿ ಮೂರು ದಿನದಲ್ಲಿ ಬರಹದಲ್ಲಿ ಕೊಡುತ್ತೇನೆ" ಎನ್ನುವುದೇ ಸರಿಯಾದ ಉತ್ತರ. ಬಾಯಿಗೆ ಬಂದ ಅಂಕಿ ಹೇಳಿಬಿಟ್ಟರೆ ಮುಂದೆ ನೀವು ಎಷ್ಟೇ ದಾಖಲೆ ತೋರಿಸಿದರೂ ಮಾಲೀಕರ ಮನಸ್ಸಿನಲ್ಲಿ ಅದೇ ಕೂತಿರುತ್ತದೆ.

ಈ ಭೇಟಿಗೆ ಮುಕ್ಕಾಲು ಗಂಟೆ ಬೇಕು. ಲೇಸರ್ ಅಳತೆ ಉಪಕರಣ ಒಯ್ಯಿರಿ, ಪ್ರತಿ ಕೋಣೆಯನ್ನೂ ಅಳೆಯಿರಿ. ಕ್ರಯಪತ್ರದಲ್ಲಿರುವುದು ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣ. ಮೆಟ್ಟಿಲು, ಲಿಫ್ಟ್ ಮುಂತಾದ ಸಾಮಾನ್ಯ ಜಾಗದ ಪಾಲೂ ಅದರಲ್ಲಿ ಸೇರಿರುತ್ತದೆ. ಈಗಿನ ಕೊಳ್ಳುವವರು ಕಾರ್ಪೆಟ್ ವಿಸ್ತೀರ್ಣ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ, ಎಷ್ಟು ಎಂದು ಕೇಳುತ್ತಾರೆ, ಮಾಲೀಕರಿಗೇ ಅದು ಗೊತ್ತಿರುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು, ಕೋಣೆವಾರು ಅಳತೆಯ ಸರಳ ನಕ್ಷೆಯೊಂದನ್ನು ಪ್ರಸ್ತಾವಕ್ಕೆ ಸೇರಿಸಿದರೆ ಅಷ್ಟಕ್ಕೇ ನೀವು ಉಳಿದವರಿಗಿಂತ ಮುಂದೆ ಹೋಗಿರುತ್ತೀರಿ.

ಅಳೆಯುತ್ತಲೇ ಕೇಳಿ. ಯಾಕೆ ಮಾರುತ್ತಿದ್ದಾರೆ, ಹಣ ಯಾವ ತಿಂಗಳೊಳಗೆ ಬೇಕು, ಸಾಲ ಎಷ್ಟು ಬಾಕಿಯಿದೆ, ಬಾಡಿಗೆದಾರರಿದ್ದರೆ ಕರಾರು ಯಾವಾಗ ಮುಗಿಯುತ್ತದೆ. ನೀರು ಕಾವೇರಿಯದೋ, ಬೋರ್‌ವೆಲ್‌ದೋ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೋ? 2024ರ ಬೇಸಿಗೆಯ ನಂತರ ಮನೆ ನೋಡಲು ಬಂದವರು ಅಡುಗೆಮನೆಗಿಂತ ಮೊದಲು ಇದನ್ನೇ ವಿಚಾರಿಸುತ್ತಾರೆ. ತಿಂಗಳ ನಿರ್ವಹಣಾ ಶುಲ್ಕ ಎಷ್ಟು, ಪಾರ್ಕಿಂಗ್ ಕ್ರಯಪತ್ರದಲ್ಲಿ ನಮೂದಾಗಿದೆಯೋ ಅಥವಾ ಅಸೋಸಿಯೇಷನ್ ಬಾಯಿಮಾತಿನಲ್ಲಿ ಕೊಟ್ಟ ಜಾಗವೋ ಎಂಬುದನ್ನೂ ಬರೆದುಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು: ಕ್ರಯಪತ್ರ ಯಾರ ಹೆಸರಿನಲ್ಲಿದೆ? ಎದುರು ಕೂತು ಮಾತಾಡುತ್ತಿರುವವರು ತಂದೆ, ಮನೆ ಇರುವುದು ಅಮೆರಿಕದಲ್ಲಿರುವ ಮಗ-ಸೊಸೆಯ ಜಂಟಿ ಹೆಸರಿನಲ್ಲಿ ಎಂಬುದು ಈ ಊರಿನಲ್ಲಿ ತೀರಾ ಸಾಮಾನ್ಯ. ಆಗ ಪ್ರಸ್ತಾವವನ್ನು ಬರೆಯಬೇಕಾದ್ದು ಆ ಇಬ್ಬರಿಗೆ. ಅವರು ನೋಂದಣಿಗೆ ಬರುತ್ತಾರೋ, ಜಿಪಿಎ (ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಕಳಿಸುತ್ತಾರೋ ಎಂಬುದರ ಮೇಲೆ ವೇಳಾಪಟ್ಟಿಯೇ ಬದಲಾಗುತ್ತದೆ. ಅನಿವಾಸಿ ಮಾರಾಟಗಾರರಿಗೆ ಟಿಡಿಎಸ್ (ಹಣ ಕೊಡುವಾಗಲೇ ಕೊಳ್ಳುವವರು ಹಿಡಿದುಕೊಳ್ಳುವ ತೆರಿಗೆ) ನಿಯಮವೂ ಬೇರೆ. ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯ ಪ್ರಮಾಣಪತ್ರವನ್ನು ಮೊದಲೇ ಪಡೆಯದಿದ್ದರೆ ಲಾಭದ ಮೇಲಲ್ಲ, ಇಡೀ ಮಾರಾಟ ಮೊತ್ತದ ಮೇಲೆ ದೊಡ್ಡ ಗಂಟು ಕಡಿತವಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ತೀರಿಹೋದ ತಂದೆಯ ಹೆಸರಿನಲ್ಲಿರುವ ಮನೆಯಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಒಪ್ಪಿಗೆ ಇದೆಯೇ ಎಂದು ಅದೇ ದಿನ ಕೇಳಿ. ಸಂಕೋಚಪಟ್ಟು ಬಿಟ್ಟರೆ ಆ ಪ್ರಶ್ನೆ ಟೋಕನ್ ಅಡ್ವಾನ್ಸ್ ಬಂದ ಮೇಲೆ ಎದ್ದು ಬರುತ್ತದೆ.

ಕಾಗದಪತ್ರದ ಪುಟ

ಕೊಳ್ಳುವವರ ವಕೀಲರು ಏನೇನು ಕೇಳುತ್ತಾರೋ ಅದನ್ನೆಲ್ಲ ಒಂದು ಪಟ್ಟಿ ಮಾಡಿ, ಪ್ರತಿಯೊಂದರ ಎದುರು "ಇದೆ", "ತರಿಸಬೇಕು", "ಸರಿಪಡಿಸಬೇಕು" ಎಂದು ಬರೆಯಿರಿ. ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ), ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ), ಈ ಸಾಲಿನ ಆಸ್ತಿ ತೆರಿಗೆ ರಸೀದಿ, ಒ.ಸಿ. (ಕಟ್ಟಡದಲ್ಲಿ ವಾಸಿಸಲು ಕೊಡುವ ಅನುಮತಿ ಪತ್ರ), ಮಂಜೂರಾದ ನಕ್ಷೆ, ಬೆಸ್ಕಾಂ ಬಿಲ್, ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಎಂಬ ಪತ್ರ, ಬ್ಯಾಂಕ್ ಸಾಲವಿದ್ದರೆ ಅಲ್ಲಿರುವ ಮೂಲ ದಾಖಲೆಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದೀಚಿನ ಇ.ಸಿ. ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದನ್ನು ಮಾಲೀಕರಿಂದ ಕೇಳದೆ ನೀವೇ ತೆಗೆಸಿ ಪ್ರಸ್ತಾವಕ್ಕೆ ಲಗತ್ತಿಸಿ.

ಇಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇ-ಖಾತಾದಲ್ಲಿ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ಆಗುವುದಿಲ್ಲ. ಆದರೂ ಹಲವು ಮಾಲೀಕರ ಬಳಿ ಇರುವುದು ಹಳೆಯ ಕಾಗದದ ಖಾತಾ, ಇಲ್ಲವೇ ಕರಡು ಇ-ಖಾತಾ. ಕರಡಿನಲ್ಲಿ ಹೆಸರು, ಆಧಾರ್‌ನಲ್ಲಿರುವ ಹೆಸರು, ಕ್ರಯಪತ್ರದಲ್ಲಿರುವ ಹೆಸರು ಈ ಮೂರನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಕೊಳ್ಳುವವರ ಬ್ಯಾಂಕ್ ತಕರಾರು ತೆಗೆಯಬಹುದು. ವಿಸ್ತೀರ್ಣ ತಪ್ಪಾಗಿ ನಮೂದಾಗಿದ್ದರೆ ತಿದ್ದಿಸಲು ವಾರಗಟ್ಟಲೆ ಬೇಕು. ಜಾಹೀರಾತು ಹಾಕುವ ಮೊದಲೇ ಅರ್ಜಿ ಹೋಗಿರಬೇಕು.

ಬಿ-ಖಾತಾ (ನಿಯಮಗಳನ್ನು ಪೂರ್ತಿ ಪಾಲಿಸದ ಆಸ್ತಿಗೆ ಕೊಡುವ ಖಾತಾ) ಇದ್ದರೆ, ಒ.ಸಿ. ಇಲ್ಲದಿದ್ದರೆ ಅದನ್ನೂ ಇದೇ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. ಮಾಲೀಕರಿಗೆ ಬೇಸರವಾಗಬಹುದು. ಆದರೆ ಸಾಲ ಕೊಡುವ ಬ್ಯಾಂಕುಗಳ ಸಂಖ್ಯೆ ಕಡಿಮೆಯಾಗುತ್ತದೆ, ಅದರಿಂದ ಕೊಳ್ಳುವವರೂ ಕಡಿಮೆಯಾಗುತ್ತಾರೆ ಎಂದು ಈಗಲೇ ತಿಳಿದರೆ ಮುಂದಿನ ಪುಟದ ಬೆಲೆ ಅವರಿಗೆ ಅರ್ಥವಾಗುತ್ತದೆ.

ಬೆಲೆಯ ಪುಟ

ಪ್ರಸ್ತಾವದ ಜೀವ ಇರುವುದು ಇಲ್ಲಿ. ಪೋರ್ಟಲ್‌ನಲ್ಲಿರುವ ಬೆಲೆಗಳನ್ನು ಆಧಾರವಾಗಿ ಕೊಡಬೇಡಿ. ಅವು ಮಾರುವವರು ಕೇಳುತ್ತಿರುವ ಬೆಲೆ, ಯಾರೂ ಕೊಟ್ಟ ಬೆಲೆಯಲ್ಲ. ಅದೇ ಸಮುಚ್ಚಯದಲ್ಲಿ, ಸಿಗದಿದ್ದರೆ ಅದೇ ರಸ್ತೆಯ ಅದೇ ವಯಸ್ಸಿನ ಕಟ್ಟಡದಲ್ಲಿ, ಕಳೆದ ಒಂದು ವರ್ಷದೊಳಗೆ ನೋಂದಣಿಯಾದ ಮೂರು ಮಾರಾಟ ಹುಡುಕಿ. ಇ.ಸಿ.ಯಲ್ಲಿ ಪ್ರತಿ ವ್ಯವಹಾರದ ಎದುರು ಪ್ರತಿಫಲದ ಮೊತ್ತವೂ ಮಾರುಕಟ್ಟೆ ಮೌಲ್ಯವೂ ಇರುತ್ತವೆ. ಅಲ್ಲಿ ಕಾಣುವ ಮೊತ್ತ ನಿಜವಾದ ವಹಿವಾಟಿಗಿಂತ ಕಡಿಮೆ ಇರುವುದೂ ಉಂಟು. ಮಾರ್ಗಸೂಚಿ ಬೆಲೆಗೆ (ನೋಂದಣಿಗಾಗಿ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆ) ಸರಿಯಾಗಿ ತಾಳೆಯಾಗುವ ಅಂಕಿ ಕಂಡರೆ ಅದರ ಮೇಲೆ ಹೆಚ್ಚು ಭಾರ ಹಾಕದೆ, ಆ ಮಾರಾಟ ಮಾಡಿಸಿದ ಏಜೆಂಟರನ್ನೋ ಅಸೋಸಿಯೇಷನ್ ಕಾರ್ಯದರ್ಶಿಯನ್ನೋ ವಿಚಾರಿಸಿ.

ಒಂದು ಮಾದರಿ ನೋಡೋಣ. ಮನೆ ನಾಲ್ಕನೇ ಮಹಡಿಯ 3 ಬಿಎಚ್‌ಕೆ, 1,340 ಚದರಡಿ, ಪೂರ್ವ ಬಾಗಿಲು, ಒಂದು ಕವರ್ಡ್ ಪಾರ್ಕಿಂಗ್, ಬಾಲ್ಕನಿ ಮುಖ್ಯರಸ್ತೆಯ ಕಡೆಗೆ. ಅದೇ ಸಮುಚ್ಚಯದಲ್ಲಿ ಎರಡನೇ ಮಹಡಿಯ 1,340 ಚದರಡಿ ಮನೆ 1.02 ಕೋಟಿಗೆ ಹೋಗಿದೆ ಎಂದುಕೊಳ್ಳಿ, ಅಂದರೆ ಚದರಡಿಗೆ ಸುಮಾರು ₹7,610. ಏಳನೇ ಮಹಡಿಯ 1,290 ಚದರಡಿಯದು 1.032 ಕೋಟಿಗೆ, ಚದರಡಿಗೆ ₹8,000. ನೆಲಮಹಡಿಯ 1,340 ಚದರಡಿಯದು 96.48 ಲಕ್ಷಕ್ಕೆ, ಚದರಡಿಗೆ ₹7,200. ಈ ಮೂರರ ಸರಾಸರಿ ತೆಗೆದು ಕೊಟ್ಟರೆ ಅದು ಏಜೆಂಟರ ಕೆಲಸ ಆಗುವುದಿಲ್ಲ. ಯಾವ ಮನೆ ಯಾಕೆ ಹೆಚ್ಚಿಗೆ ಹೋಯಿತು ಎಂದು ಒಂದೊಂದು ಸಾಲು ಬರೆಯಿರಿ: ಏಳನೇ ಮಹಡಿಗೆ ಗಾಳಿ-ಬೆಳಕು ಮತ್ತು ಎರಡು ಪಾರ್ಕಿಂಗ್, ನೆಲಮಹಡಿಗೆ ಪಂಪ್‌ಹೌಸ್‌ನ ಸದ್ದು. ನಮ್ಮ ಮನೆಗೆ ಮಹಡಿ, ಹೊಸ ಅಡುಗೆಮನೆ ಮತ್ತು ಪೂರ್ವ ಬಾಗಿಲು ಬಲ, ರಸ್ತೆಯ ಸದ್ದು ಕೊರತೆ. ಹಾಗಾಗಿ ಚದರಡಿಗೆ ₹7,600ರಿಂದ ₹7,900, ಅಂದರೆ 1.02ರಿಂದ 1.06 ಕೋಟಿ.

ಇಷ್ಟಾದ ಮೇಲೆ ಮೂರು ಅಂಕಿ ಕೊಡಿ. ಜಾಹೀರಾತಿನ ಬೆಲೆ 1.07 ಕೋಟಿ, ನಾವು ನಿರೀಕ್ಷಿಸುವ ಬೆಲೆ 1.03 ಕೋಟಿ, ಅದಕ್ಕಿಂತ ಕೆಳಗೆ ನಿಮ್ಮನ್ನು ಕೇಳದೆ ಮಾತಾಡುವುದಿಲ್ಲ ಎನ್ನುವ ಬೆಲೆ 1 ಕೋಟಿ. ಜಾಹೀರಾತಿಗೂ ನಿರೀಕ್ಷೆಗೂ ನಡುವೆ ಶೇ. 3ರಿಂದ 5ರಷ್ಟು ಜಾಗ ಸಾಕು. ಶೇ. 15 ಇಟ್ಟರೆ ನೋಡಲೇ ಯಾರೂ ಬರುವುದಿಲ್ಲ, ಏಕೆಂದರೆ ಪೋರ್ಟಲ್‌ನಲ್ಲಿ ಹುಡುಕುವವರು "1.10 ಕೋಟಿಯೊಳಗೆ" ಎಂದು ಮಿತಿ ಹಾಕಿಯೇ ಹುಡುಕುತ್ತಾರೆ. ಮಿತಿಯ ಆಚೆಗಿನ ಮನೆ ಅವರ ಕಣ್ಣಿಗೇ ಬೀಳುವುದಿಲ್ಲ.

ಮಾರ್ಗಸೂಚಿ ಬೆಲೆಯನ್ನೂ ಈ ಪುಟದ ಕೆಳಗೆ ತೋರಿಸಿ. ಅದು ಚದರ ಮೀಟರ್ ಲೆಕ್ಕದಲ್ಲಿರುತ್ತದೆ ಎಂಬುದು ನೆನಪಿರಲಿ. 1,340 ಚದರಡಿ ಎಂದರೆ ಸುಮಾರು 124.5 ಚದರ ಮೀಟರ್. ಮಾರಾಟ ಬೆಲೆಗಿಂತ ಮಾರ್ಗಸೂಚಿ ಮೌಲ್ಯ ಶೇ. 10ಕ್ಕೂ ಮೀರಿ ಹೆಚ್ಚಿದ್ದರೆ ಆದಾಯ ತೆರಿಗೆಯವರು ಮಾರ್ಗಸೂಚಿ ಮೌಲ್ಯವನ್ನೇ ಮಾರಾಟದ ಬೆಲೆ ಎಂದು ಹಿಡಿಯುತ್ತಾರೆ. "ಸ್ವಲ್ಪ ಕ್ಯಾಶ್‌ನಲ್ಲಿ ಮಾಡ್ಕೊಳ್ಳೋಣ" ಎಂಬ ಮಾತಿಗೆ ಪ್ರಸ್ತಾವದಲ್ಲೂ ಮಾತಿನಲ್ಲೂ ಜಾಗ ಕೊಡಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡಕ್ಕೆ ದಾರಿಯಾಗುತ್ತದೆ.

ಕೈಗೆ ಉಳಿಯುವ ಹಣ

ಈ ಪುಟವನ್ನು ಯಾರೂ ಕೊಡುವುದಿಲ್ಲ. ಮಾಲೀಕರು ಮನೆಯವರ ಜೊತೆ ಕೂತು ಓದುವುದು ಇದನ್ನೇ. ಮೇಲಿನ ಮನೆಯದೇ ಲೆಕ್ಕ ಮುಂದುವರಿಸೋಣ:

ಮಾರಾಟ ಬೆಲೆ: ₹1,03,00,000
ಬ್ಯಾಂಕ್ ಸಾಲದ ಬಾಕಿ: ₹21,40,000
ಕಮಿಷನ್ ಶೇ. 1, ಶೇ. 18 ಜಿಎಸ್‌ಟಿ ಸೇರಿ: ₹1,21,540
ಬಣ್ಣ, ಸಣ್ಣ ರಿಪೇರಿ, ಅಸೋಸಿಯೇಷನ್ ಬಾಕಿ: ₹35,000
ತೆರಿಗೆಗೆ ಮುಂಚೆ ಉಳಿಯುವುದು: ₹80,03,460

ನೀವು ಜಿಎಸ್‌ಟಿ ನೋಂದಣಿ ಇಲ್ಲದ ಏಜೆಂಟರಾದರೆ ಆ ಸಾಲಿನಲ್ಲಿ ಜಿಎಸ್‌ಟಿ ಸೇರಿಸಬೇಡಿ.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ. 1 ಟಿಡಿಎಸ್ ಹಿಡಿದುಕೊಂಡೇ ಹಣ ಕೊಡುತ್ತಾರೆ, ಇಲ್ಲಿ ₹1,03,000. ಅದು ಮಾಲೀಕರ ಪ್ಯಾನ್‌ಗೆ ಜಮೆಯಾಗಿ ಅವರ ತೆರಿಗೆಗೆ ವಜಾ ಆಗುತ್ತದೆ, ನಷ್ಟವಲ್ಲ. ಇದನ್ನು ಮೊದಲೇ ಹೇಳದಿದ್ದರೆ ನೋಂದಣಿಯ ದಿನ ಡಿ.ಡಿ.ಯ ಮೊತ್ತ ಕಡಿಮೆ ಕಂಡು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಜಗಳ ಶುರುವಾಗುತ್ತದೆ.

ಬಂಡವಾಳ ಲಾಭದ ತೆರಿಗೆಯ ಅಂದಾಜನ್ನೂ ಕೊಡಿ. ಮನೆಯನ್ನು 2014-15ರಲ್ಲಿ ಎಲ್ಲ ಖರ್ಚು ಸೇರಿ 58 ಲಕ್ಷಕ್ಕೆ ಕೊಂಡು 2025-26ರಲ್ಲಿ ಮಾರಿದರೆ ಎಂದಿಟ್ಟುಕೊಳ್ಳಿ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಶೇ. 12.5 ತೆರಿಗೆ, ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿಕೊಳ್ಳುವ ಅನುಕೂಲವಿಲ್ಲ. ಕಮಿಷನ್ ಕಳೆದು ಲಾಭ ಸುಮಾರು 43.78 ಲಕ್ಷ, ಸೆಸ್ ಸೇರಿ ತೆರಿಗೆ ಸುಮಾರು 5.69 ಲಕ್ಷ. ಆದರೆ ಆ ದಿನಾಂಕಕ್ಕಿಂತ ಮೊದಲು ಕೊಂಡ ನಿವಾಸಿ ವ್ಯಕ್ತಿಗಳಿಗೆ ಸೂಚ್ಯಂಕದೊಂದಿಗೆ ಶೇ. 20ರ ಹಳೆಯ ಲೆಕ್ಕದ ಆಯ್ಕೆಯೂ ಇದೆ. ಸೂಚ್ಯಂಕ 2014-15ಕ್ಕೆ 240, 2025-26ಕ್ಕೆ 376. 58 ಲಕ್ಷ ಈಗ 90.87 ಲಕ್ಷವಾಗುತ್ತದೆ, ಲಾಭ 10.92 ಲಕ್ಷಕ್ಕೆ ಇಳಿಯುತ್ತದೆ, ತೆರಿಗೆ ಸುಮಾರು 2.27 ಲಕ್ಷ. ವ್ಯತ್ಯಾಸ 3.4 ಲಕ್ಷ, ಅಂದರೆ ನಿಮ್ಮ ಕಮಿಷನ್‌ನ ಎರಡೂವರೆ ಪಟ್ಟಿಗಿಂತ ಹೆಚ್ಚು. ಕಮಿಷನ್ ಶೇ. 1ರಿಂದ ಮುಕ್ಕಾಲಿಗೆ ಇಳಿಸಿ ಎಂದು ಪಟ್ಟು ಹಿಡಿಯುವವರೂ ಈ ಸಾಲು ಓದಿದ ಮೇಲೆ ಮೆತ್ತಗಾಗುತ್ತಾರೆ. ಹಳೆಯ ಲೆಕ್ಕದ ಆಯ್ಕೆ ಅನಿವಾಸಿಗಳಿಗಿಲ್ಲ. ಬೇರೆ ಮನೆ ಕೊಳ್ಳುವುದಿದ್ದರೆ ವಿನಾಯಿತಿ ಉಂಟು. ಕೊನೆಗೆ "ಇದು ಅಂದಾಜು, ನಿಮ್ಮ ಆಡಿಟರ್ ಹತ್ತಿರ ಖಚಿತಪಡಿಸಿಕೊಳ್ಳಿ" ಎಂಬ ಸಾಲು ತಪ್ಪದೇ ಇರಲಿ.

ಕೊಳ್ಳುವವರ ಖರ್ಚನ್ನೂ ಎರಡು ಸಾಲಿನಲ್ಲಿ ತೋರಿಸಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದ್ದರಿಂದ, ಶೇ. 5 ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಒಟ್ಟು ಶೇ. 7.6 ಆಗುತ್ತದೆ. 1.03 ಕೋಟಿಗೆ ಸುಮಾರು 7.83 ಲಕ್ಷ. ಬ್ಯಾಂಕಿನ ಸಾಲ 75 ಲಕ್ಷ ಮೀರಿದರೆ ಮನೆ ಬೆಲೆಯ ಶೇ. 75ಕ್ಕಿಂತ ಹೆಚ್ಚು ಸಿಗುವುದಿಲ್ಲ, ನೋಂದಣಿ ಖರ್ಚಂತೂ ಅದರಲ್ಲಿ ಸೇರುವುದೇ ಇಲ್ಲ. ಅಂದರೆ ಎದುರಿನವರು 33 ಲಕ್ಷಕ್ಕೂ ಹೆಚ್ಚು ಸ್ವಂತ ಹಣ ಹೊಂದಿಸಬೇಕು. "ಇನ್ನೆರಡು ಲಕ್ಷ ಜಾಸ್ತಿ ಕೇಳಿದರೇನು?" ಎನ್ನುವ ಮಾಲೀಕರಿಗೆ ಬೇರೆ ವಾದ ಬೇಕಿಲ್ಲ.

ಪ್ರಚಾರ ಮತ್ತು ವೇಳಾಪಟ್ಟಿ

"ಎಲ್ಲ ಪೋರ್ಟಲ್‌ಗಳಲ್ಲೂ ಹಾಕುತ್ತೇವೆ" ಎಂದು ಎಲ್ಲರೂ ಬರೆಯುತ್ತಾರೆ. ನೀವು ಅವರ ಮನೆಯ ಜಾಹೀರಾತನ್ನೇ ಬರೆದು ತೋರಿಸಿ:

"ಪೂರ್ವ ಬಾಗಿಲಿನ 3 ಬಿಎಚ್‌ಕೆ, ನಾಲ್ಕನೇ ಮಹಡಿ. ಸೂಪರ್ ಬಿಲ್ಟ್‌ಅಪ್ 1,340, ಕಾರ್ಪೆಟ್ 985 ಚದರಡಿ. ಕಾವೇರಿ ನೀರು, ಒಂದು ಕವರ್ಡ್ ಪಾರ್ಕಿಂಗ್ (ಕ್ರಯಪತ್ರದಲ್ಲಿದೆ). ಎ-ಖಾತಾ, ಒ.ಸಿ., ಅಂತಿಮ ಇ-ಖಾತಾ ಸಿದ್ಧ. ಬಾಲ್ಕನಿ ಮುಖ್ಯರಸ್ತೆಯ ಕಡೆ. ಮಲಗುವ ಕೋಣೆಗಳು ಹಿಂಭಾಗಕ್ಕೆ."

ಬಾಲ್ಕನಿ ಮುಖ್ಯರಸ್ತೆಯ ಕಡೆ ಎಂಬ ಮಾತು ನೋಡಿ ಮಾಲೀಕರು ಹುಬ್ಬೇರಿಸಬಹುದು. ಸದ್ದು ಮನೆ ನೋಡಲು ಬಂದ ದಿನ ಹೇಗೂ ಕೇಳಿಸುತ್ತದೆ. ಮೊದಲೇ ಬರೆದರೆ ಅದನ್ನು ಸಹಿಸುವವರು ಮಾತ್ರ ಬರುತ್ತಾರೆ, ಶನಿವಾರ-ಭಾನುವಾರಗಳು ಹಾಳಾಗುವುದಿಲ್ಲ.

ಫೋಟೊ ಹನ್ನೆರಡರಿಂದ ಹದಿನೈದು ಸಾಕು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ, ಎಲ್ಲ ಪರದೆ ಸರಿಸಿ, ಎಲ್ಲ ದೀಪ ಹಾಕಿ, ಫೋನನ್ನು ಅಡ್ಡ ಹಿಡಿದು ಎದೆಯ ಎತ್ತರದಿಂದ ಕೋಣೆಯ ಮೂಲೆಯಲ್ಲಿ ನಿಂತು ತೆಗೆಯಬೇಕು. ಒಣಹಾಕಿದ ಬಟ್ಟೆ, ಗ್ಯಾಸ್ ಸಿಲಿಂಡರ್, ಫ್ರಿಜ್ ಮೇಲಿನ ಡಬ್ಬಿಗಳು ಕಾಣಬಾರದು. ಮನೆ ನಂಬರ್, ಮಕ್ಕಳ ಫೋಟೊ, ಬೀರು ಕೂಡ ಕಾಣಬಾರದು, ಇದು ಅಂದದ ಮಾತಲ್ಲ, ಸುರಕ್ಷತೆಯ ಮಾತು.

ವೇಳಾಪಟ್ಟಿಗೆ ಪಂಚಾಂಗವೂ ಬೇಕು. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಹಲವರು ಅಡ್ವಾನ್ಸ್ ಕೊಡುವುದಿಲ್ಲ, ನೋಡಲು ಮಾತ್ರ ಬರುತ್ತಾರೆ. ಆ ತಿಂಗಳು ಇ-ಖಾತಾ ತಿದ್ದುಪಡಿ, ಬಣ್ಣ, ಫೋಟೊಗಳಿಗೆ ಇರಲಿ. ಶ್ರಾವಣದ ಹೊತ್ತಿಗೆ ಮನೆ ಸಿದ್ಧವಾಗಿರುತ್ತದೆ. ಒಪ್ಪಂದವಾದ ಮೇಲೆ ಕೊಳ್ಳುವವರ ಬ್ಯಾಂಕ್ ಸಾಲಕ್ಕೆ ಮೂರ್ನಾಲ್ಕು ವಾರ ಹಿಡಿಯಿರಿ. ಮಾಲೀಕರ ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ದಾಖಲೆ ಮರಳಿಸಬೇಕೆಂಬುದು ಆರ್‌ಬಿಐ ನಿಯಮ, ತಡಮಾಡಿದರೆ ದಿನಕ್ಕೆ ₹5,000 ಪರಿಹಾರ. ಆದರೂ ಆ ಪೂರ್ತಿ ತಿಂಗಳನ್ನು ಪಟ್ಟಿಯಲ್ಲಿ ಸೇರಿಸಿಕೊಂಡೇ ನೋಂದಣಿಯ ದಿನಾಂಕ ಹೇಳಿ.

ಷರತ್ತುಗಳು, ಕೊಡುವ ಬಗೆ

ಒಬ್ಬರಿಗೇ ಕೊಡಿ ಎಂದರೆ ಮಾಲೀಕರಿಗೆ ಸಿಕ್ಕಿಹಾಕಿಕೊಳ್ಳುವ ಭಯ. ಅದನ್ನು ಬರಹದಲ್ಲೇ ಹೋಗಲಾಡಿಸಿ. ಅವಧಿ 90 ದಿನ. 15 ದಿನದ ನೋಟಿಸ್ ಕೊಟ್ಟು ಹೊರಬರಬಹುದು. ಪ್ರತಿ ಸೋಮವಾರ ಎಷ್ಟು ಜನ ನೋಡಿದರು, ಯಾರು ಏನೆಂದರು ಎಂಬ ವರದಿ ವಾಟ್ಸ್ಆ್ಯಪ್‌ನಲ್ಲಿ. ಕಮಿಷನ್‌ನ ಅರ್ಧ ನೋಂದಾಯಿತ ಅಥವಾ ಸಹಿಯಾದ ಮಾರಾಟ ಕರಾರಿನ ದಿನ, ಉಳಿದರ್ಧ ಕ್ರಯಪತ್ರದ ದಿನ. ಮಾಲೀಕರ ನೆಂಟರೋ ಪಕ್ಕದ ಮನೆಯವರೋ ಕೊಂಡರೆ ಕಮಿಷನ್ ಇಲ್ಲ, ಆದರೆ ಅಂಥವರ ಹೆಸರನ್ನು ಸಹಿಯ ದಿನವೇ ಪಟ್ಟಿ ಮಾಡಿಸಿಕೊಳ್ಳಿ. ಈ ಪಟ್ಟಿ ಇಲ್ಲದಿದ್ದರೆ ನೀವು ಕರೆತಂದವರೇ ಮೂರು ತಿಂಗಳ ನಂತರ "ನೆಂಟರು" ಆಗಿ ಬರುತ್ತಾರೆ. ಎರಡೂ ಕಡೆಯಿಂದ ಕಮಿಷನ್ ಪಡೆಯುವುದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ಪಿಡಿಎಫ್ ಕಳಿಸಿ ಕಾಯಬೇಡಿ. ಮುದ್ರಿಸಿದ ಎರಡು ಪ್ರತಿ ಒಯ್ದು, ಸಹಿ ಹಾಕಬೇಕಾದ ಎಲ್ಲರೂ ಇರುವ ಸಮಯಕ್ಕೆ ಹೋಗಿ. ವಿದೇಶದಲ್ಲಿರುವವರನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳಿ. ಕೈಗೆ ಉಳಿಯುವ ಹಣದ ಪುಟದಿಂದ ಶುರುಮಾಡಿ, ಅಲ್ಲಿಂದ ಬೆಲೆಯ ಪುಟಕ್ಕೆ ಹಿಂದಿರುಗಿ. ಮಾಲೀಕರೇ ಪೆನ್ನು ತೆಗೆದು ಅಂಕಿ ತಿದ್ದತೊಡಗಿದರೆ ಕೆಲಸ ಅರ್ಧ ಆದಂತೆಯೇ.

"ಬೇರೆಯವರು 1.20 ಕೋಟಿ ಕೊಡಿಸ್ತೀನಿ ಅಂದಿದ್ದಾರೆ" ಎಂಬ ಮಾತು ಬಂದೇ ಬರುತ್ತದೆ. ಆ ಬೆಲೆಗೆ ನೋಂದಣಿಯಾದ ಒಂದು ಮನೆಯ ದಾಖಲೆಯನ್ನು ಅವರಿಂದ ಕೇಳಿ ನೋಡಿ ಎಂದಷ್ಟೇ ಹೇಳಿ. ಮಾಲೀಕರು ಹಟ ಬಿಡದಿದ್ದರೆ 1.12 ಕೋಟಿಗೆ 21 ದಿನ ಜಾಹೀರಾತು ಹಾಕುವುದು, ಅಷ್ಟರಲ್ಲಿ ಐದು ಜನವೂ ನೋಡಲು ಬರದಿದ್ದರೆ 1.07ಕ್ಕೆ ಇಳಿಸುವುದು ಎಂದು ಒಪ್ಪಂದದಲ್ಲೇ ಬರೆಸಿ. ಅದಕ್ಕೂ ಒಪ್ಪದಿದ್ದರೆ ಪ್ರಸ್ತಾವದ ಪ್ರತಿಯನ್ನು ಅವರ ಬಳಿಯೇ ಬಿಟ್ಟು, ಆ ಮನೆ ಮಾರಿಸುವ ಕೆಲಸ ಒಪ್ಪಿಕೊಳ್ಳದೆ ಬನ್ನಿ. 1.20 ಕೋಟಿಯ ಜಾಹೀರಾತು ಎರಡು ತಿಂಗಳು ಹಾಗೇ ಬಿದ್ದಿದ್ದರೆ, ಮಾಲೀಕರು ಹುಡುಕಿ ಫೋನ್ ಮಾಡುವುದು ಆ ಪ್ರತಿಯ ಮೇಲಿರುವ ನಂಬರಿಗೇ.